ಹಾಯಿದೋಣಿ ಪಂದ್ಯದ ಆರಂಭದಲ್ಲಿ ದಾರಿಯ ಹಕ್ಕು

ಹಾಯಿದೋಣಿಗಳ ಪಂದ್ಯ ಆರಂಭವಾಗುವ ಹೊತ್ತಿನಲ್ಲಿ, ನೀರಿನ ಮೇಲೆ ಕಲ್ಪಿಸಿಕೊಂಡ ರೇಖೆಯೊಂದರ ಹಿಂದೆ ಒತ್ತೊತ್ತಾಗಿ ಸುಳಿದಾಡುವ ದೋಣಿಗಳಲ್ಲಿ ಯಾವುದು ಯಾವುದಕ್ಕೆ ದಾರಿ ಬಿಡತಕ್ಕದ್ದು, ದಾರಿಯನ್ನು ಪಡೆದ ದೋಣಿ ಆ ಹಕ್ಕನ್ನು ಎಷ್ಟರಮಟ್ಟಿಗೆ ಚಲಾಯಿಸಬಹುದು, ತಪ್ಪಿ ನಡೆದವರು ಅದಕ್ಕೆ ಹೇಗೆ ದಂಡ ತೆರಬೇಕು ಎಂಬುದನ್ನು ಗೊತ್ತುಪಡಿಸುವ ನಿಯಮಗಳು ಈ ಕ್ರೀಡೆಯ ಶಾಸ್ತ್ರದಲ್ಲಿ ಅತ್ಯಂತ ಸೂಕ್ಷ್ಮವಾದ ಭಾಗ. ಓಟದ ಪಂದ್ಯದಲ್ಲಿ ಓಟಗಾರನು ಗೆರೆಯ ಹಿಂದೆ ನಿಶ್ಚಲನಾಗಿ ನಿಂತು ಸೂಚನೆಗಾಗಿ ಕಾಯುತ್ತಾನೆ. ಅವನಿಗೆಂದು ಮೀಸಲಾದ ಪಥವೊಂದಿರುತ್ತದೆ. ಪಕ್ಕದವನು ಆ ಪಥಕ್ಕೆ ಕಾಲಿಡಲಾರನು. ಹಾಯಿದೋಣಿಗಾದರೋ ನಿಲ್ಲಲು ನೆಲವಿಲ್ಲ, ಮೀಸಲು ಪಥವಿಲ್ಲ, ತಡೆದು ನಿಲ್ಲಿಸುವ ಸಾಧನವೂ ಇಲ್ಲ. ಗಾಳಿ ಬೀಸುತ್ತಿರುವಷ್ಟು ಕಾಲ ಅದು ಮುಂದಕ್ಕೋ ಪಕ್ಕಕ್ಕೋ ಜಾರುತ್ತಲೇ ಇರುತ್ತದೆ. ಹೀಗೆ ಚಲಿಸುತ್ತಲೇ ಇರುವ ಇಪ್ಪತ್ತು ಮೂವತ್ತು ದೋಣಿಗಳು ಒಂದೇ ಕ್ಷಣದಲ್ಲಿ ಒಂದೇ ರೇಖೆಯನ್ನು ಪೂರ್ಣವೇಗದಿಂದ ದಾಟಬೇಕೆಂದು ಬಯಸುವಾಗ, ಸಂಘಟ್ಟನೆಯನ್ನು ತಪ್ಪಿಸುವುದು ನಿಯಮವೊಂದರಿಂದಲೇ ಸಾಧ್ಯವಾಗಬೇಕು.

ಈ ನಿಯಮಗಳು ‘ವರ್ಲ್ಡ್ ಸೇಲಿಂಗ್’ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಪ್ರಕಟಿಸುವ ಪಂದ್ಯನಿಯಮಾವಳಿಯಲ್ಲಿ ಅಡಕವಾಗಿವೆ. ನಾಲ್ಕು ವರ್ಷಗಳಿಗೊಮ್ಮೆ, ಒಲಿಂಪಿಕ್ ಕ್ರೀಡೆಗಳು ಮುಗಿದ ತರುವಾಯ, ನಿಯಮಾವಳಿಯನ್ನು ಪರಿಷ್ಕರಿಸುವ ಪದ್ಧತಿಯುಂಟು. ಈಗ ಜಾರಿಯಲ್ಲಿರುವುದು 2025ರಿಂದ 2028ರವರೆಗಿನ ಆವೃತ್ತಿ. ದೋಣಿ ದೋಣಿಗಳ ನಡುವಣ ವ್ಯವಹಾರವನ್ನು ನಿರೂಪಿಸುವ ಎರಡನೆಯ ಭಾಗವೇ ಇದರ ಹೃದಯ. ಭಾರತದಲ್ಲಿ ಈ ಕ್ರೀಡೆಯ ಆಡಳಿತ ಯಾಟಿಂಗ್ ಅಸೋಸಿಯೇಷನ್ ಆಫ್ ಇಂಡಿಯಾ ಸಂಸ್ಥೆಯ ಕೈಯಲ್ಲಿದೆ.

ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಹಾಯಿದೋಣಿ ಪಂದ್ಯಕ್ಕೆ ಒದಗುವಂಥ ನಿತ್ಯಜಲವಿಲ್ಲ. ನಂದಿಬೆಟ್ಟದಲ್ಲಿ ಹುಟ್ಟಿ ದೊಡ್ಡಬಳ್ಳಾಪುರದ ಕಡೆಯಿಂದ ಇಳಿದು ಬರುವ ಅರ್ಕಾವತಿಯಾಗಲಿ, ನೆಲಮಂಗಲ ತಾಲ್ಲೂಕಿನ ಶಿವಗಂಗೆಯಲ್ಲಿ ಹುಟ್ಟುವ ಕುಮುದ್ವತಿಯಾಗಲಿ ವರ್ಷವಿಡೀ ಹರಿಯುವ ನದಿಗಳಲ್ಲ. ಹೊಸಕೋಟೆಯ ಹಿರಿಯ ಕೆರೆಯೂ ಮಳೆ ಒಲಿದ ವರ್ಷ ಮಾತ್ರವೆ ತುಂಬುವುದು. ಆದರೆ ಗಾಳಿಗೆ ಈ ಸೀಮೆಯಲ್ಲಿ ಬಡತನವಿಲ್ಲ. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದ ಈ ಬಯಲಿನ ಮೇಲೆ ಆಷಾಢದ ಗಾಳಿ ಪಡುವಣದಿಂದಲೂ ನೈಋತ್ಯದಿಂದಲೂ ಬಿರುಸಾಗಿ ಬೀಸುತ್ತದೆ. ಆ ತಿಂಗಳಲ್ಲಿ ಗಾಳಿಪಟ ಹಾರಿಸುವುದು ದೊಡ್ಡಬಳ್ಳಾಪುರದವರಿಗೆ ರೂಢಿಯಾಗಿ ಬಂದ ಹಬ್ಬ. ಸುಗ್ಗಿಯ ಕಾಲಕ್ಕೆ ಗಾಳಿ ತಿರುಗಿ ಮೂಡಣದಿಂದ ಬೀಸತೊಡಗುತ್ತದೆ. ಹೊಸಕೋಟೆಯಿಂದ ಹಳೆಯ ಮದ್ರಾಸು ರಸ್ತೆಯನ್ನು ಹಿಡಿದು ಕೃಷ್ಣರಾಜಪುರವನ್ನು ಹಾದು ಬಂದರೆ ಆ ರಸ್ತೆ ಮುಗಿಯುವ ಎಡೆಯಲ್ಲಿಯೇ ಹಲಸೂರು ಕೆರೆ. ಗ್ರಾಮಾಂತರ ಜಿಲ್ಲೆಯವರಿಗೆ ಅತ್ಯಂತ ಸಮೀಪವಾದ ಪಂದ್ಯದ ನೀರು ಇದೇ. ಕೆಂಪೇಗೌಡರ ಮನೆತನದ ಕಾಲದ್ದೆಂದು ಹೇಳಲಾಗುವ, ಸುಮಾರು 50 ಹೆಕ್ಟೇರು ವಿಸ್ತಾರದ ಈ ಕೆರೆಯ ದಡದಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪಿನ ಕೇಂದ್ರವಿದ್ದು, ಸೈನ್ಯದವರ ಆಶ್ರಯದಲ್ಲಿ ಬೆಳೆದ ತೃಷ್ಣಾ ಸೇಲಿಂಗ್ ಕ್ಲಬ್ಬು ಇಲ್ಲಿ ದೋಣಿ ನಡೆಸುವ ವಿದ್ಯೆಯನ್ನು ಕಲಿಸುತ್ತದೆ. 1985ರಿಂದ 1987ರವರೆಗೆ ಭೂಪ್ರದಕ್ಷಿಣೆಯನ್ನು ಪೂರೈಸಿದ ಮೊದಲ ಭಾರತೀಯ ಹಾಯಿನೌಕೆಯ ಹೆಸರೂ ‘ತೃಷ್ಣಾ’ ಎಂದೇ. ಸೈನ್ಯದ ಎಂಜಿನಿಯರುಗಳ ದಳದವರು ನಡೆಸಿದ ಆ ಯಾತ್ರೆ ನಮ್ಮ ನೌಕಾಯಾನದ ಚರಿತ್ರೆಯಲ್ಲಿ ಚಿರಸ್ಮರಣೀಯವಾದದ್ದು.

ಆರಂಭರೇಖೆಯ ರಚನೆಯನ್ನು ಮೊದಲು ತಿಳಿಯಬೇಕು. ಗಾಳಿ ಬರುವ ಕಡೆಗೆ ಮುಖಮಾಡಿ ನಿಂತವನಿಗೆ ಬಲತುದಿಯಲ್ಲಿ ಪಂದ್ಯಸಮಿತಿಯ ದೋಣಿ ಲಂಗರು ಹಾಕಿ ನಿಂತಿರುತ್ತದೆ; ಎಡತುದಿಯಲ್ಲಿ ಒಂದು ಬೋಯಾ ತೇಲುತ್ತಿರುತ್ತದೆ. ಸಮಿತಿಯ ದೋಣಿಯ ಮೇಲೆ ಕಿತ್ತಳೆ ಬಣ್ಣದ ಬಾವುಟವನ್ನು ಹೊತ್ತ ಕಂಬಕ್ಕೂ ಆ ಬೋಯಾಕ್ಕೂ ನಡುವೆ ಕಣ್ಣಳತೆಯಿಂದ ಎಳೆದ ಗೆರೆಯೇ ಆರಂಭರೇಖೆ. ಮೊದಲನೆಯ ಗುರಿ ಸಾಮಾನ್ಯವಾಗಿ ಗಾಳಿಯ ಮೂಲದ ಕಡೆಗೇ ಇರುವುದರಿಂದಲೂ, ಯಾವ ಹಾಯಿದೋಣಿಯೂ ಗಾಳಿಗೆ ನೆಟ್ಟಗೆ ಎದುರಾಗಿ ಸಾಗಲಾರದೆ ಸುಮಾರು 45 ಡಿಗ್ರಿ ಓರೆಯಾಗಿ, ಒಮ್ಮೆ ಎಡಕ್ಕೂ ಒಮ್ಮೆ ಬಲಕ್ಕೂ ತಿರುತಿರುಗಿ ಏರಬೇಕಾದುದರಿಂದಲೂ, ರೇಖೆಯನ್ನು ಗಾಳಿಗೆ ಅಡ್ಡವಾಗಿ ಇಡುತ್ತಾರೆ. ಅದು ಕೊಂಚ ಓರೆಯಾದರೂ ಫಲ ದೊಡ್ಡದು: 100 ಮೀಟರ್ ಉದ್ದದ ರೇಖೆ ಬರಿಯ 5 ಡಿಗ್ರಿ ವಾಲಿದರೆ, ಒಂದು ತುದಿಯಲ್ಲಿರುವ ದೋಣಿ ಇನ್ನೊಂದು ತುದಿಯ ದೋಣಿಗಿಂತ ಹೆಚ್ಚು ಕಡಿಮೆ 9 ಮೀಟರಿನಷ್ಟು ಗಾಳಿಗೆ ಹತ್ತಿರವಾಗಿರುತ್ತದೆ, ಎಂದರೆ ಲೇಸರ್ ವರ್ಗದ ಎರಡು ದೋಣಿಗಳ ಉದ್ದದಷ್ಟು ಮುಂದೆ ನಿಂತಿರುತ್ತದೆ. ದೋಣಿಗಳೆಲ್ಲ ಅನುಕೂಲವಾದ ಆ ಒಂದೇ ತುದಿಯತ್ತ ಮುಗಿಬೀಳುವುದಕ್ಕೂ, ದಾರಿಯ ಹಕ್ಕಿನ ಪ್ರಶ್ನೆ ಅಲ್ಲಿಯೇ ತೀವ್ರವಾಗುವುದಕ್ಕೂ ಇದೇ ಕಾರಣ.

ಸೂಚನೆಗಳ ಕ್ರಮವನ್ನು 26ನೆಯ ನಿಯಮ ಹೇಳುತ್ತದೆ. ಆರಂಭಕ್ಕೆ 5 ನಿಮಿಷವಿರುವಾಗ ಆಯಾ ವರ್ಗದ ಬಾವುಟ ಏರುವುದು ಎಚ್ಚರಿಕೆಯ ಸೂಚನೆ. 4 ನಿಮಿಷವಿರುವಾಗ ಇನ್ನೊಂದು ಬಾವುಟ ಏರುವುದು ಸಿದ್ಧತೆಯ ಸೂಚನೆ. ಒಂದು ನಿಮಿಷವಿರುವಾಗ ಸಿದ್ಧತೆಯ ಬಾವುಟ ದೀರ್ಘವಾದ ಒಂದು ಶಬ್ದದೊಡನೆ ಇಳಿಯುತ್ತದೆ. ವರ್ಗದ ಬಾವುಟ ಇಳಿದ ಕ್ಷಣವೇ ಆರಂಭ. ಶಬ್ದವು ಗಮನ ಸೆಳೆಯುವುದಕ್ಕೆ ಮಾತ್ರವೆ, ಪ್ರಮಾಣವಾದುದು ಬಾವುಟ. ತುಪಾಕಿ ಹಾರದೆ ಹೋದರೂ ಸೀಟಿ ಕೇಳದೆ ಹೋದರೂ ಬಾವುಟದ ಚಲನೆಯಿಂದಲೇ ಕಾಲವನ್ನು ಎಣಿಸತಕ್ಕದ್ದು. ದೋಣಿಯು ‘ಪಂದ್ಯದಲ್ಲಿದೆ’ ಎನಿಸಿಕೊಳ್ಳುವುದು ಸಿದ್ಧತೆಯ ಸೂಚನೆಯಿಂದ. ಅದಕ್ಕೆ ಮುಂಚೆಯೂ ದಾರಿಯ ನಿಯಮಗಳು ಅನ್ವಯಿಸುತ್ತವೆಯಾದರೂ, ಗಾಯವೋ ಗಂಭೀರವಾದ ಹಾನಿಯೋ ಆಗದ ಹೊರತು, ಇಲ್ಲವೆ ಪಂದ್ಯದಲ್ಲಿರುವ ದೋಣಿಗೆ ಅಡ್ಡಿ ಮಾಡದ ಹೊರತು, ಆಗಿನ ತಪ್ಪಿಗೆ ದಂಡವಿಲ್ಲ.

ದಾರಿಯ ಹಕ್ಕಿನ ಮೂಲಸೂತ್ರಗಳು ಮೂರೇ. ದೋಣಿಯ ಬಲಮಗ್ಗುಲಿನಿಂದ ಗಾಳಿ ಬೀಸುತ್ತಿದ್ದರೆ ಆ ದೋಣಿ ಸ್ಟಾರ್‌ಬೋರ್ಡ್ ಟ್ಯಾಕಿನಲ್ಲಿದೆಯೆಂದೂ, ಎಡಮಗ್ಗುಲಿನಿಂದ ಬೀಸುತ್ತಿದ್ದರೆ ಪೋರ್ಟ್ ಟ್ಯಾಕಿನಲ್ಲಿದೆಯೆಂದೂ ಹೇಳುವುದು ವಾಡಿಕೆ. ಎರಡು ದೋಣಿಗಳು ಭಿನ್ನ ಟ್ಯಾಕುಗಳಲ್ಲಿದ್ದರೆ ಪೋರ್ಟಿನ ದೋಣಿಯೇ ದೂರ ಸರಿಯಬೇಕೆಂಬುದು 10ನೆಯ ನಿಯಮ. ಒಂದೇ ಟ್ಯಾಕಿನಲ್ಲಿದ್ದು ಪಕ್ಕಪಕ್ಕದಲ್ಲಿ ಒಂದನ್ನೊಂದು ಅತಿವ್ಯಾಪಿಸಿದ್ದರೆ, ಗಾಳಿ ಬರುವ ಕಡೆಗಿರುವ ಮೇಲುಗಾಳಿಯ ದೋಣಿಯು ಅದರಾಚೆಯ ಕೆಳಗಾಳಿಯ ದೋಣಿಗೆ ದಾರಿ ಬಿಡಬೇಕೆಂಬುದು 11ನೆಯ ನಿಯಮ. ಒಂದೇ ಟ್ಯಾಕಿನಲ್ಲಿ ಒಂದರ ಹಿಂದೆ ಒಂದಿದ್ದರೆ ಹಿಂದಿನದು ಮುಂದಿನದರಿಂದ ದೂರವಿರಬೇಕೆಂಬುದು 12ನೆಯ ನಿಯಮ. ಹಿಂದು, ಮುಂದು, ಪಕ್ಕ ಎಂಬುದನ್ನು ನಿರ್ಣಯಿಸಲು ಮುಂದಿನ ದೋಣಿಯ ಹಿಂಬದಿಯ ಕೊನೆಯ ಬಿಂದುವಿನಿಂದ ಅದರ ಉದ್ದಕ್ಕೆ ಅಡ್ಡವಾಗಿ ಒಂದು ಗೆರೆಯನ್ನು ಮನಸ್ಸಿನಲ್ಲಿ ಎಳೆದುಕೊಳ್ಳುತ್ತಾರೆ. ಹಿಂದಿನ ದೋಣಿಯ ಮೂತಿ ಆ ಗೆರೆಯನ್ನು ದಾಟಿದೊಡನೆಯೆ ಅತಿವ್ಯಾಪ್ತಿ ಸಿದ್ಧಿಸುತ್ತದೆ. ಇವಲ್ಲದೆ, ಮೂತಿ ಗಾಳಿಯನ್ನು ದಾಟಿದ ಕ್ಷಣದಿಂದ ಹೊಸ ಟ್ಯಾಕಿನ ಓರೆಯನ್ನು ಹಿಡಿಯುವವರೆಗೆ, ಹೊರಳುತ್ತಿರುವ ದೋಣಿ ಇತರ ದೋಣಿಗಳಿಂದ ದೂರವಿರತಕ್ಕದ್ದೆಂದು 13ನೆಯ ನಿಯಮ ವಿಧಿಸುತ್ತದೆ. ಇಬ್ಬರೂ ಏಕಕಾಲಕ್ಕೆ ಹೊರಳುತ್ತಿದ್ದರೆ ಇನ್ನೊಬ್ಬನ ಎಡಗಡೆಗಿರುವವನು ಅಥವಾ ಹಿಂದಿರುವವನು ತಪ್ಪಿಸಿಕೊಳ್ಳಬೇಕು.

ದಾರಿ ಬಿಡುವ ಹೊಣೆಗಾರ ಯಾರೆಂಬುದನ್ನು ಗೊತ್ತುಪಡಿಸುವಷ್ಟಕ್ಕೇ ನಿಯಮ ನಿಂತುಬಿಟ್ಟಿದ್ದರೆ ಹಕ್ಕುಳ್ಳ ದೋಣಿಯು ನಿರಂಕುಶವಾಗಿಬಿಡುತ್ತಿತ್ತು. ಈ ನಿಯಮಾವಳಿಯ ನಿಜವಾದ ಗುಣ ಇರುವುದು ಆ ಹಕ್ಕಿಗೆ ಹಾಕಿರುವ ಕಟ್ಟಿನಲ್ಲಿ. ತನ್ನ ನಡೆಯಿಂದಲೇ ಹಕ್ಕನ್ನು ಹೊಸದಾಗಿ ಸಂಪಾದಿಸಿಕೊಂಡ ದೋಣಿ, ಎದುರಿನ ದೋಣಿಗೆ ತಪ್ಪಿಸಿಕೊಳ್ಳಲು ಮೊದಮೊದಲು ಅವಕಾಶ ಕೊಡಬೇಕೆನ್ನುತ್ತದೆ 15ನೆಯ ನಿಯಮ. ಹಕ್ಕುಳ್ಳ ದೋಣಿ ದಿಕ್ಕನ್ನು ಬದಲಾಯಿಸಿದಾಗಲೆಲ್ಲ ಮತ್ತೆ ಅವಕಾಶ ಕೊಡಬೇಕೆನ್ನುತ್ತದೆ 16ನೆಯ ನಿಯಮ. ಅವಕಾಶವೆಂದರೆ ಆಗಿನ ಗಾಳಿ ಅಲೆಗಳಲ್ಲಿ ಬಲ್ಲ ನಾವಿಕನೊಬ್ಬನು ತಡಮಾಡದೆ ನಡೆದುಕೊಂಡರೆ ಅವನಿಗೆ ಬೇಕಾಗುವಷ್ಟು ನೀರು. ಅದಕ್ಕಿಂತ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಎಲ್ಲಕ್ಕೂ ಮೇಲೆ, ಸಾಧ್ಯವಿದ್ದಷ್ಟು ಮಟ್ಟಿಗೆ ತಾಗುವುದನ್ನು ತಪ್ಪಿಸುವುದು ಎರಡೂ ದೋಣಿಗಳ ಕರ್ತವ್ಯವೆಂದು 14ನೆಯ ನಿಯಮ ಸಾರುತ್ತದೆ; ಹಕ್ಕುಳ್ಳವನು ಇನ್ನೊಬ್ಬನು ಸರಿಯುವುದಿಲ್ಲವೆಂಬುದು ಸ್ಪಷ್ಟವಾಗುವ ತನಕ ಸುಮ್ಮನಿರಬಹುದು, ಸ್ಪಷ್ಟವಾದ ಮೇಲೆ ಸುಮ್ಮನಿರಕೂಡದು.

ಇವುಗಳ ಕಾರ್ಯವನ್ನು ಒಂದು ನಿದರ್ಶನದಿಂದ ಅರಿಯಬಹುದು. ಹಲಸೂರು ಕೆರೆಯ ಮೇಲೆ ಎರಡು ಲೇಸರ್ ದೋಣಿಗಳಿವೆಯೆಂದು ಭಾವಿಸಿಕೊಳ್ಳೋಣ. ಉದ್ದ ಒಂದೊಂದೂ 4.2 ಮೀಟರ್. ಆರಂಭಕ್ಕೆ ಇನ್ನು 30 ಸೆಕೆಂಡು. ಹಳದಿ ದೋಣಿಯು ರೇಖೆಯ ಹತ್ತಿರ ಸ್ಟಾರ್‌ಬೋರ್ಡ್ ಟ್ಯಾಕಿನಲ್ಲಿ, ಹಾಯಿಯ ಹಗ್ಗವನ್ನು ಸಡಿಲಬಿಟ್ಟು, ಪಟ ಪಟಪಟನೆ ಬಡಿದುಕೊಳ್ಳುತ್ತಿರಲು ಹೆಚ್ಚು ಕಡಿಮೆ ನಿಂತಲ್ಲೇ ನಿಂತಿದೆ. ನೀಲಿ ದೋಣಿಯು ಅದೇ ಟ್ಯಾಕಿನಲ್ಲಿ ಹಿಂದಿನಿಂದ 4 ನಾಟ್ ವೇಗದಲ್ಲಿ, ಎಂದರೆ ಸೆಕೆಂಡಿಗೆ ಸುಮಾರು 2 ಮೀಟರಿನಂತೆ, ನುಗ್ಗಿ ಬರುತ್ತಿದೆ. ಅದು ಹಿಂದಿರುವವರೆಗೂ ದೂರವಿರುವ ಹೊಣೆ ಅದರದೇ. ಹಳದಿಯ ಕೆಳಗಾಳಿಯ ಪಕ್ಕಕ್ಕೆ ಮೂತಿಯನ್ನು ತೂರಿಸಿ ಆ ಕಲ್ಪಿತ ಗೆರೆಯನ್ನು ದಾಟಿದ ಕ್ಷಣದಲ್ಲಿ ಪರಿಸ್ಥಿತಿ ತಲೆಕೆಳಗಾಗುತ್ತದೆ: ಈಗ ನೀಲಿಯೇ ಕೆಳಗಾಳಿಯ ದೋಣಿ, ದಾರಿಯ ಹಕ್ಕು ಅದರದು, ಸರಿಯಬೇಕಾದದ್ದು ಹಳದಿ. ಆದರೆ ನಿಂತಿರುವ ದೋಣಿ ಒಡನೆಯೆ ಸರಿಯಲಾರದು. ಹಗ್ಗವನ್ನು ಎಳೆದು, ಹಾಯಿಗೆ ಗಾಳಿ ತುಂಬಿ, ಚುಕ್ಕಾಣಿಯ ಮಾತನ್ನು ಕೇಳುವಷ್ಟು ವೇಗ ಬರಬೇಕು. ಅದು ಮೂತಿಯನ್ನು ಗಾಳಿಯತ್ತ ಏರಿಸತೊಡಗಿದರೆ ಹಿಂಬದಿ ಕೆಳಗಾಳಿಯ ಕಡೆಗೆ ತಿರುಗುತ್ತದೆ. ನೀಲಿ ತೀರ ಅಂಟಿಕೊಂಡೇ ಬಂದಿದ್ದರೆ ಹಳದಿಯ ಹಿಂಬದಿ ಅದಕ್ಕೆ ತಾಗುವುದು ನಿಶ್ಚಯ. ಹಾಗೆ ತಾಗಿದ್ದಾದರೆ ತಪ್ಪು ಹಳದಿಯದಲ್ಲ, ಅವಕಾಶ ಕೊಡದೆ ಹಕ್ಕನ್ನು ಕಸಿದುಕೊಂಡ ನೀಲಿಯದು.

ಇನ್ನು, ನೀಲಿ ದೋಣಿ ಒಂದು ಗಜದಷ್ಟು ಅಂತರವಿಟ್ಟು ಬಂದು, ಹಳದಿಗೆ ಎಚ್ಚೆತ್ತುಕೊಳ್ಳುವಷ್ಟು ಕಾಲಾವಕಾಶ ದೊರೆತ ಬಳಿಕ ಮೆಲ್ಲನೆ ಗಾಳಿಯತ್ತ ಏರತೊಡಗಿತೆಂದುಕೊಳ್ಳೋಣ. ಈಗ ಹಳದಿಯೂ ಏರಲೇಬೇಕು. ಏರುವಾಗ ರೇಖೆಯನ್ನು ಕಾಲಕ್ಕೆ ಮುಂಚೆಯೇ ದಾಟುವಂತಾದರೂ ಅದು ತಪ್ಪಿಸಿಕೊಳ್ಳಲು ನೆಪವಾಗದು. ಆರಂಭದ ಸೂಚನೆಗೆ ಮುಂಚೆ ಯಾವ ದೋಣಿಗೂ ‘ಉಚಿತ ಮಾರ್ಗ’ವೆಂಬುದು ಇರುವುದಿಲ್ಲವಾದ್ದರಿಂದ, ಕೆಳಗಾಳಿಯ ದೋಣಿಯು ಪ್ರತಿ ತಿರುವಿನಲ್ಲೂ ಅವಕಾಶ ಕೊಡುತ್ತ ನೆಟ್ಟಗೆ ಗಾಳಿಗೆ ಎದುರಾಗುವವರೆಗೂ ಏರಬಹುದು. ಸೂಚನೆಯಾದೊಡನೆ ಈ ಸ್ವಾತಂತ್ರ್ಯ ಮೊಟಕಾಗುತ್ತದೆ: ಹಿಂದಿನಿಂದ ಬಂದು ಎರಡು ದೋಣಿಯುದ್ದದೊಳಗೆ ಕೆಳಗಾಳಿಯಲ್ಲಿ ಅತಿವ್ಯಾಪ್ತಿ ಪಡೆದ ದೋಣಿ, ಆ ಸ್ಥಿತಿ ಇರುವಷ್ಟು ಕಾಲ, ಗುರಿಯನ್ನು ಶೀಘ್ರವಾಗಿ ಮುಟ್ಟಲು ತಾನು ಹಿಡಿಯಬಹುದಾಗಿದ್ದ ಉಚಿತ ಮಾರ್ಗಕ್ಕಿಂತ ಮೇಲೇರಬಾರದೆಂಬ 17ನೆಯ ನಿಯಮ ಆಗ ಜಾಗೃತವಾಗುತ್ತದೆ. ಒಂದು ಬಾವುಟ ಇಳಿಯುವುದರ ಹಿಂದೂ ಮುಂದೂ ಅವೇ ಎರಡು ದೋಣಿಗಳ ಹಕ್ಕುಬಾಧ್ಯತೆಗಳು ಹೀಗೆ ಬದಲಾಗುವುದನ್ನು ಹೊಸಬರು ಕಲಿಯಲು ಬಹಳ ಕಷ್ಟಪಡುತ್ತಾರೆ.

ದಾರಿ ಬಿಡಬೇಕಾದವನು ಸರಿದಿದ್ದಾನೆಯೆ ಇಲ್ಲವೆ ಎಂಬುದನ್ನು ಅಳೆಯುವ ಬಗೆಯೂ ವಿಚಾರಣೀಯವಾದದ್ದು. ಮೇಲುಗಾಳಿಯ ದೋಣಿ ತಾಗಲಿಲ್ಲವೆಂದ ಮಾತ್ರಕ್ಕೆ ಅದು ದೂರವಿದ್ದಂತಾಗದು. ಒಂದೇ ಟ್ಯಾಕಿನಲ್ಲಿ ಪಕ್ಕಪಕ್ಕದಲ್ಲಿರುವಾಗ ಕೆಳಗಾಳಿಯ ದೋಣಿ ಎಡಕ್ಕಾಗಲಿ ಬಲಕ್ಕಾಗಲಿ ದಿಕ್ಕನ್ನು ತಿರುಗಿಸಿದರೂ ತತ್‌ಕ್ಷಣ ತಾಗದಿರುವಷ್ಟು ನೀರು ಅವುಗಳ ನಡುವೆ ಇರಬೇಕು. ನೌಕೆಗಳಿಗೆ ಕಣ್ಣಳತೆಯೇ ಸಾಕ್ಷಿಯಾಗಿರುವ ಕ್ರೀಡೆಯಲ್ಲಿ ಇಷ್ಟು ಖಚಿತವಾದ ಮಾನದಂಡವನ್ನು ಕಂಡುಕೊಂಡದ್ದು ನಿಯಮಕರ್ತರ ಪ್ರತಿಭೆಗೆ ಸಾಕ್ಷಿಯೆಂದೇ ಹೇಳಬೇಕು.

ಸಮಿತಿಯ ದೋಣಿಯ ಬಳಿ ನಡೆಯುವ ನೂಕುನುಗ್ಗಲು ಆರಂಭದ ವ್ಯಾಜ್ಯಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು. ಇದಕ್ಕೆ ನಾವಿಕರು ಬಾರ್ಜಿಂಗ್ ಎನ್ನುತ್ತಾರೆ. ರೇಖೆಯ ಬಲತುದಿಯ ಕಡೆ ಮೇಲುಗಾಳಿಯಿಂದ ಓರೆಯಾಗಿ, ವೇಗವಾಗಿ ಇಳಿದು ಬರುವ ದೋಣಿಯೊಂದು, ಸಮಿತಿಯ ದೋಣಿಗೂ ಅದರ ಕೆಳಗೆ ಗಾಳಿಗೆ ಒತ್ತಿ ಏರುತ್ತಿರುವ ದೋಣಿಗೂ ನಡುವಣ ಸಂದಿಯಲ್ಲಿ ತೂರಿಕೊಳ್ಳಲು ಬಯಸುತ್ತದೆ. ಪಂದ್ಯದ ಮಾರ್ಗದಲ್ಲಿ ಉಳಿದ ಗುರುತುಗಳನ್ನು ಸುತ್ತುವಾಗ ಒಳಮಗ್ಗುಲಿನ ದೋಣಿಗೆ ಹೊರಮಗ್ಗುಲಿನದು ಜಾಗ ಕೊಡಬೇಕೆಂಬ ವಿಧಿಯಿರುವುದರಿಂದ, ಇಲ್ಲಿಯೂ ತನಗೆ ಅಂಥ ಜಾಗ ಸಲ್ಲಬೇಕೆಂದು ಆ ದೋಣಿಯವನು ‘ಜಾಗ, ಜಾಗ’ ಎಂದು ಕೂಗುವುದುಂಟು. ಆದರೆ ಸುತ್ತಲೂ ದೋಣಿ ನಡೆಯಬಲ್ಲ ನೀರಿರುವ ಆರಂಭದ ಗುರುತಿನ ಬಳಿ, ಆರಂಭಕ್ಕಾಗಿ ಸಮೀಪಿಸುವಾಗಿನಿಂದ ಅದನ್ನು ದಾಟುವವರೆಗೆ, ಆ ವಿಧಿ ಅನ್ವಯಿಸುವುದೇ ಇಲ್ಲ. ಗುರುತಿನ ಲಂಗರಿನ ಹಗ್ಗದ ಬಳಿಯೂ ಹಾಗೆಯೇ. ಅಲ್ಲಿ ಉಳಿಯುವುದು ಮೂಲಸೂತ್ರ ಮಾತ್ರ: ಮೇಲುಗಾಳಿಯವನು ಸರಿಯಬೇಕು. ಆದುದರಿಂದ ಕೆಳಗಾಳಿಯವನು ಸಂದಿಯನ್ನು ಮುಚ್ಚಬಹುದು. ನುಗ್ಗಿ ಬಂದವನು ಹೊರಗೇ ಸುತ್ತಿ ಹೋಗಬೇಕು.

ಇದಕ್ಕೆ ಎರಡು ಮಿತಿಗಳಿವೆ. ನುಗ್ಗಿದ ದೋಣಿಯು ಹೇಗೋ ಸಂದಿಯೊಳಕ್ಕೆ ಬಂದುಬಿಟ್ಟು, ಒಂದು ಮಗ್ಗುಲಿಗೆ ಸಮಿತಿಯ ದೋಣಿ, ಇನ್ನೊಂದು ಮಗ್ಗುಲಿಗೆ ಪ್ರತಿಸ್ಪರ್ಧಿ ಎಂಬಂತೆ ಸಿಕ್ಕಿಕೊಂಡಿದ್ದರೆ, ಆಮೇಲೆ ಕೆಳಗಾಳಿಯವನು ಮೂತಿಯನ್ನು ಏರಿಸಿ ಅದನ್ನು ಹಿಂಡುವಂತಿಲ್ಲ. ಏಕೆಂದರೆ ದಿಕ್ಕು ಬದಲಿಸುವವನು ಅವಕಾಶ ಕೊಡಬೇಕೆಂಬ ನಿಯಮ ಆಗಲೂ ಅವನನ್ನು ಕಟ್ಟಿಹಾಕಿರುತ್ತದೆ. ಸಂದಿಯನ್ನು ಮುಚ್ಚುವವನು ಅದು ಬರಿದಾಗಿರುವಾಗಲೇ ಮುಚ್ಚಬೇಕು. ಎರಡನೆಯದಾಗಿ, ರೇಖೆಯ ತುದಿ ನೀರಿನ ನಡುವಣ ದೋಣಿಯಾಗಿರದೆ ದಡಕ್ಕೆ ಸೇರಿದ ಕಟ್ಟೆಯೋ ಮೆಟ್ಟಿಲೋ ಆಗಿದ್ದರೆ, ಸುತ್ತಲೂ ನೀರಿರುವ ಗುರುತು ಅದಾಗದು. ಒಳಗಿನವನಿಗೆ ಹೊರಗಿನವನು ಅಲ್ಲಿ ಜಾಗ ಕೊಡಬೇಕಾಗುತ್ತದೆ. ನೌಕಾಶಾಸ್ತ್ರದ ದೃಷ್ಟಿಯಿಂದ ಇದು ನ್ಯಾಯವಾದದ್ದೇ. ಗುರುತಿನ ಆಚೆಗೆ ತಪ್ಪಿಸಿಕೊಂಡು ಹೋಗಲು ನೀರೇ ಇಲ್ಲದವನನ್ನು ಕಲ್ಲಿಗೆ ಒತ್ತುವುದು ಕ್ರೀಡೆಯಲ್ಲ. ದಡದಿಂದ ಪಂದ್ಯ ಬಿಡುವ ಸಣ್ಣ ಕೆರೆಗಳಲ್ಲಿ ದೋಣಿ ನಡೆಸುವವರು ಈ ಭೇದವನ್ನು ಮೊದಲೇ ತಿಳಿದಿರಬೇಕು.

ಪೋರ್ಟ್ ಟ್ಯಾಕಿನಲ್ಲಿ ರೇಖೆಗೆ ಬರುವವನ ಪಾಡು ಬೇರೆ. ಸ್ಟಾರ್‌ಬೋರ್ಡಿಗೆ ಹಕ್ಕಿರುವುದರಿಂದ ದೋಣಿಗಳಲ್ಲಿ ಹೆಚ್ಚಿನವು ಕೊನೆಯ ನಿಮಿಷದಲ್ಲಿ ಸ್ಟಾರ್‌ಬೋರ್ಡಿನಲ್ಲಿಯೇ ಸಾಲುಗಟ್ಟುತ್ತವೆ. ಅವುಗಳಿಗೆ ಎದುರಾಗಿ ಬರುವ ಪೋರ್ಟಿನ ದೋಣಿಗೆ ಸಾಲಿನಲ್ಲಿ ತೆರಪೊಂದು ಕಾಣಬೇಕು, ಅದರ ಮುಂದೆ ಹೊರಳಲು ನೀರಿರಬೇಕು, ಹೊರಳಿ ಹೊಸ ಓರೆಯನ್ನು ಹಿಡಿಯುವವರೆಗೆ ಯಾರಿಗೂ ಅಡ್ಡವಾಗಬಾರದು, ಹಿಡಿದ ಮೇಲೂ ಮೇಲುಗಾಳಿಯವನಿಗೆ ಸರಿಯಲು ಅವಕಾಶ ಕೊಡಬೇಕು. ಇಷ್ಟನ್ನು ಐದಾರು ಸೆಕೆಂಡುಗಳಲ್ಲಿ ಕೂಡಿಸಿ ನಿಭಾಯಿಸಬಲ್ಲ ನಾವಿಕನು ನಿಜವಾಗಿಯೂ ನಿಪುಣನು. ಸ್ಟಾರ್‌ಬೋರ್ಡಿನವನು ‘ಸ್ಟಾರ್‌ಬೋರ್ಡ್!’ ಎಂದು ಕೂಗಿ ಎಚ್ಚರಿಸುವುದು ಎಲ್ಲ ನೀರುಗಳಲ್ಲೂ ಕೇಳಿಬರುವ ಪದ್ಧತಿಯಾದರೂ, ಕೂಗದಿದ್ದರೆ ಹಕ್ಕು ಹೋಗುವುದೆಂದು ನಿಯಮದಲ್ಲಿ ಎಲ್ಲಿಯೂ ಇಲ್ಲ.

ಕಾಲಕ್ಕೆ ಮುಂಚೆ ರೇಖೆಯನ್ನು ದಾಟಿದ ದೋಣಿ ಹಿಂದಿರುಗಿ, ಪೂರ್ತಿಯಾಗಿ ರೇಖೆಯ ಹಿಂಬದಿಗೆ ಬಂದು, ಮತ್ತೆ ಹೊರಡಬೇಕು. ಸಮಿತಿಯು ‘ಎಕ್ಸ್’ ಬಾವುಟವನ್ನು ಒಂದು ಶಬ್ದದೊಡನೆ ಏರಿಸಿ ಇದನ್ನು ತಿಳಿಸುತ್ತದೆ. ದೋಣಿಗಳೆಲ್ಲ ಹಿಂದಿರುಗಿದೊಡನೆ ಬಾವುಟ ಇಳಿಯುತ್ತದೆ, ಯಾರೂ ಹಿಂದಿರುಗದಿದ್ದರೂ 4 ನಿಮಿಷಗಳಿಗಿಂತ ಹೆಚ್ಚು ಕಾಲ ಅದು ಹಾರುವುದಿಲ್ಲ. ಹೀಗೆ ಹಿಂದಿರುಗುವವನಿಗೆ ಯಾವ ಹಕ್ಕೂ ಇಲ್ಲ. ಆರಂಭದ ಸೂಚನೆಯಾದ ಬಳಿಕ ರೇಖೆಯ ಹಿಂಬದಿಗೆ ಮುಖಮಾಡಿ ಸಾಗುವ ದೋಣಿ, ಅಲ್ಲಿಗೆ ಪೂರ್ತಿಯಾಗಿ ಸೇರುವ ತನಕ, ಸ್ಟಾರ್‌ಬೋರ್ಡಿನಲ್ಲಿದ್ದರೂ ಕೆಳಗಾಳಿಯಲ್ಲಿದ್ದರೂ, ಸರಿಯಾಗಿ ಹೊರಟ ದೋಣಿಗಳಿಂದ ದೂರವಿರತಕ್ಕದ್ದು. ಹಾಯಿಯನ್ನು ಕೈಯಿಂದ ತಳ್ಳಿಹಿಡಿದು ದೋಣಿಯನ್ನು ಹಿಂದಕ್ಕೋ ಮೇಲುಗಾಳಿಯ ಪಕ್ಕಕ್ಕೋ ಸರಿಸುವವನಿಗೂ, ದಂಡದ ಸುತ್ತುಗಳನ್ನು ಹಾಕುತ್ತಿರುವವನಿಗೂ ಇದೇ ನಿರ್ಬಂಧ. ಮಗುಚಿದ ದೋಣಿಯನ್ನು ಮಾತ್ರ, ಅದು ಯಾರದೇ ಆಗಿರಲಿ, ಎಲ್ಲರೂ ಸಾಧ್ಯವಿದ್ದಷ್ಟು ತಪ್ಪಿಸಿಕೊಂಡು ಹೋಗಬೇಕು.

ಹಲವು ದೋಣಿಗಳು ಒಟ್ಟಿಗೆ ದಾಟಿಬಿಟ್ಟು ಯಾವುದು ಯಾವುದೆಂದು ಗುರುತಿಸಲಾಗದಿದ್ದರೆ ‘ಫಸ್ಟ್ ಸಬ್‌ಸ್ಟಿಟ್ಯೂಟ್’ ಎಂಬ ಬಾವುಟವನ್ನು ಎರಡು ಶಬ್ದಗಳೊಡನೆ ಏರಿಸಿ ಎಲ್ಲರನ್ನೂ ಹಿಂದಕ್ಕೆ ಕರೆಯಬಹುದು. ಇದು ಪದೇ ಪದೇ ಆಗದಂತೆ 30ನೆಯ ನಿಯಮ ಮೆಟ್ಟಿಲುಮೆಟ್ಟಿಲಾಗಿ ಬಿಗಿಯಾಗುವ ದಂಡಗಳನ್ನು ಒದಗಿಸಿದೆ; ಸಿದ್ಧತೆಯ ಸೂಚನೆಗೆ ಏರಿಸುವ ಬಾವುಟವೇ ಅಂದಿನ ದಂಡ ಯಾವುದೆಂದು ಸಾರುತ್ತದೆ. ‘ಪಿ’ ಬಾವುಟದಲ್ಲಿ ವಿಶೇಷವೇನೂ ಇಲ್ಲ. ‘ಐ’ ಇದ್ದರೆ ಕೊನೆಯ ನಿಮಿಷದಲ್ಲಿ ರೇಖೆಯ ಆಚೆ ಕಂಡವನು ತುದಿಯೊಂದನ್ನು ಸುತ್ತಿಕೊಂಡೇ ಹಿಂದಿರುಗಬೇಕು. ‘ಝಡ್’, ‘ಯು’ ಮತ್ತು ಕಪ್ಪು ಬಾವುಟಗಳಲ್ಲಿ ರೇಖೆಯ ಎರಡು ತುದಿಗಳೂ ಮೊದಲನೆಯ ಗುರಿಯೂ ಸೇರಿ ಆಗುವ ತ್ರಿಕೋಣದೊಳಗೆ ಕೊನೆಯ ನಿಮಿಷದಲ್ಲಿ ಕಾಲಿಟ್ಟವನಿಗೆ ದಂಡ: ಮೊದಲನೆಯದರಲ್ಲಿ ಅಂಕದ ಮೇಲೆ ನೂರಕ್ಕೆ 20ರಷ್ಟು, ಉಳಿದೆರಡರಲ್ಲಿ ಅನರ್ಹತೆ. ಎಲ್ಲರನ್ನೂ ಹಿಂದಕ್ಕೆ ಕರೆದು ಪಂದ್ಯವನ್ನು ಮರಳಿ ಬಿಟ್ಟರೆ ‘ಯು’ ಬಾವುಟದ ಅನರ್ಹತೆ ತೊಡೆದುಹೋಗುತ್ತದೆ. ಕಪ್ಪು ಬಾವುಟದ್ದು ತೊಡೆಯದು, ಅವನು ಮರು ಆರಂಭದಲ್ಲಿಯೂ ಭಾಗವಹಿಸುವಂತಿಲ್ಲ.

ದಾರಿಯ ನಿಯಮವನ್ನು ಮುರಿದವನು ಏನು ಮಾಡಬೇಕು? ಸಾಮಾನ್ಯವಾಗಿ ನೀರಿನ ಮೇಲೆ ತೀರ್ಪುಗಾರನು ಸೀಟಿ ಊದಿ ನಿಲ್ಲಿಸುವುದಿಲ್ಲ. ತಪ್ಪು ತನ್ನದೆಂದು ಅರಿತವನು ಕೂಡಲೆ ಇತರರಿಂದ ದೂರ ಸರಿದು, ಒಂದೇ ದಿಕ್ಕಿನಲ್ಲಿ ಎರಡು ಸುತ್ತು ತಿರುಗಿ ದಂಡ ತೆತ್ತು ಪಂದ್ಯಕ್ಕೆ ಮರಳಬೇಕೆಂಬುದು 44ನೆಯ ನಿಯಮದ ವಿಧಾನ. ಆರಂಭದ ಗುರುತಿಗೆ ತಾಗಿದವನಿಗೆ ಒಂದೇ ಸುತ್ತು. ಅನ್ಯಾಯವಾಯಿತೆಂದು ಭಾವಿಸಿದವನು ಅವಕಾಶ ಸಿಕ್ಕ ಮೊದಲ ಕ್ಷಣದಲ್ಲಿಯೇ ‘ಪ್ರೊಟೆಸ್ಟ್’ ಎಂದು ಕೂಗಬೇಕು, ದೊಡ್ಡ ದೋಣಿಯಾದರೆ ಕೆಂಪು ಬಾವುಟವನ್ನೂ ತೋರಿಸಬೇಕು. ದಡಕ್ಕೆ ಬಂದ ಮೇಲೆ ವಿಚಾರಣೆ. ಹಲಸೂರಿನಂಥ ಎಡೆಗಳಲ್ಲಿ ಆಪ್ಟಿಮಿಸ್ಟ್ ಎಂಬ ಪುಟ್ಟ ದೋಣಿಗಳಲ್ಲಿ ಕುಳಿತು ಕಲಿಯುವ ಹದಿನೈದರೊಳಗಿನ ಮಕ್ಕಳಿಗೂ ಈ ವಿಧಿ ಒಂದೇ. ಯಾರೂ ನೋಡದಿದ್ದರೂ ತಾನಾಗಿಯೇ ಎರಡು ಸುತ್ತು ಹಾಕಿ ನಾಲ್ಕೈದು ಸ್ಥಾನಗಳನ್ನು ಬಿಟ್ಟುಕೊಡುವುದನ್ನು ಹತ್ತು ವರ್ಷದ ಹುಡುಗಿಯೊಬ್ಬಳಿಗೆ ಕಲಿಸುವ ಕ್ರೀಡೆಯ ಬಗ್ಗೆ ಗೌರವ ಹುಟ್ಟದಿರದು.

ಈ ನಿಯಮಗಳ ಬೇರು ವ್ಯಾಪಾರನೌಕೆಗಳ ರೂಢಿಯಲ್ಲಿದೆ. ಭಿನ್ನ ಟ್ಯಾಕುಗಳಲ್ಲಿ ಪೋರ್ಟಿನವನೂ, ಒಂದೇ ಟ್ಯಾಕಿನಲ್ಲಿ ಮೇಲುಗಾಳಿಯವನೂ ದಾರಿ ಬಿಡಬೇಕೆಂಬುದನ್ನು 1972ರ ಅಂತರರಾಷ್ಟ್ರೀಯ ಸಂಘಟ್ಟನ ನಿವಾರಣೆಯ ನಿಯಮಗಳೂ ಹೇಳುತ್ತವೆ. ಆದರೆ ಮುಖ್ಯವಾದ ವ್ಯತ್ಯಾಸವೊಂದುಂಟು: ತೆರೆದ ಸಮುದ್ರದಲ್ಲಿ ಹಕ್ಕುಳ್ಳ ನೌಕೆ ತನ್ನ ದಿಕ್ಕನ್ನೂ ವೇಗವನ್ನೂ ಬದಲಾಯಿಸದೆ ಸಾಗಬೇಕು, ಪಂದ್ಯದಲ್ಲಾದರೋ ಅವಕಾಶ ಕೊಡುವುದಾದರೆ ಅದು ದಿಕ್ಕನ್ನು ಬದಲಾಯಿಸಬಹುದು, ಆ ಮೂಲಕ ಎದುರಾಳಿಯನ್ನು ಒತ್ತಬಹುದು. ಆರಂಭದ ತಂತ್ರಕೌಶಲವೆಲ್ಲ ಈ ಸಡಿಲಿಕೆಯಿಂದಲೇ ಹುಟ್ಟಿದ್ದು. ಪಂದ್ಯಕ್ಕೆಂದೇ ಪ್ರತ್ಯೇಕವಾದ ಸುಸಂಬದ್ಧ ನಿಯಮಾವಳಿಯನ್ನು ರೂಪಿಸುವುದರಲ್ಲಿ ಅಮೆರಿಕದ ಹೆರಾಲ್ಡ್ ವ್ಯಾಂಡರ್‌ಬಿಲ್ಟ್ ಅಗ್ರಗಣ್ಯನು. 1930, 1934 ಮತ್ತು 1937ರಲ್ಲಿ ಅಮೆರಿಕಾಸ್ ಕಪ್ಪನ್ನು ಉಳಿಸಿಕೊಂಡ ಈತನೇ ಕಾಂಟ್ರ್ಯಾಕ್ಟ್ ಬ್ರಿಡ್ಜ್ ಎಂಬ ಇಸ್ಪೀಟಾಟಕ್ಕೂ ರೂಪ ಕೊಟ್ಟವನು. ಅವನ ನಿಯಮಗಳನ್ನು ಉತ್ತರ ಅಮೆರಿಕದ ಸಂಘ 1948ರಲ್ಲಿ ಅಂಗೀಕರಿಸಿತು. 1907ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಸಂಘವೂ 1960ರ ಸುಮಾರಿಗೆ ಅವುಗಳ ತಳಹದಿಯ ಮೇಲೆ ಜಗತ್ತಿಗೆಲ್ಲ ಒಂದೇ ನಿಯಮಾವಳಿಯನ್ನು ಒಪ್ಪಿಕೊಂಡಿತು. 1997ರಲ್ಲಿ ಅವನ್ನು ಸರಳಗೊಳಿಸಿ ಹೊಸದಾಗಿ ಬರೆಯಲಾಯಿತು. 2021ರ ಆವೃತ್ತಿಯ ತನಕ ದೋಣಿಯ ಒಡಲಾಗಲಿ, ನಾವಿಕನಾಗಲಿ, ಸಾಧನವಾಗಲಿ ರೇಖೆಯನ್ನು ದಾಟಿದರೆ ದಾಟಿದಂತೆಯೇ ಎಣಿಸುತ್ತಿದ್ದರು. ಅಂದಿನಿಂದ ಒಡಲನ್ನು ಮಾತ್ರವೆ ಲೆಕ್ಕಕ್ಕೆ ಹಿಡಿಯುತ್ತಾರೆ. ರೇಖೆಯ ನೇರಕ್ಕೆ ಕಣ್ಣಿಟ್ಟು ಕುಳಿತ ಸಮಿತಿಯವರ ಕೆಲಸ ಇದರಿಂದ ಹಗುರವಾಯಿತು.

ಕನ್ನಡನಾಡಿಗೆ ಸಂಬಂಧಪಟ್ಟ ನಾವಿಕರಲ್ಲಿ ಕೊಡವ ಮನೆತನದ ಕೆ. ಸಿ. ಗಣಪತಿಯವರು ವರುಣ್ ಠಕ್ಕರ್ ಅವರೊಡನೆ ‘49er’ ವರ್ಗದಲ್ಲಿ 2018ರ ಏಷ್ಯನ್ ಕ್ರೀಡೆಗಳಲ್ಲಿ ಕಂಚಿನ ಪದಕವನ್ನು ಗಳಿಸಿ, ಟೋಕಿಯೊ ಒಲಿಂಪಿಕ್ಸಿನಲ್ಲಿಯೂ ಸ್ಪರ್ಧಿಸಿದರು. ಆ ಮಟ್ಟದ ಪಂದ್ಯಗಳು ವಿಶಾಲವಾದ ಸಮುದ್ರದಲ್ಲಿ ನಡೆಯುವಂಥವು. ನಮ್ಮ ನಾಡಿನೊಳಗೆ ಅದಕ್ಕೆ ಕೊಂಚಮಟ್ಟಿಗೆ ಹೋಲುವ ನೀರೆಂದರೆ ಕೃಷ್ಣರಾಜಸಾಗರದ ಹಿನ್ನೀರು. ಅಲ್ಲಿಯೂ ಹಾಯಿದೋಣಿ ಪಂದ್ಯಗಳು ನಡೆದಿವೆ. ಹರವಾದ ನೀರಿನಲ್ಲಿ ಗಾಳಿ ಒಂದೇ ಸಮನಾಗಿ ಬೀಸುವುದರಿಂದ ಉದ್ದನೆಯ ರೇಖೆಯನ್ನಿಟ್ಟು ದೊಡ್ಡ ಗುಂಪನ್ನು ಒಮ್ಮೆಗೇ ಬಿಡಬಹುದು. ಹಲಸೂರು ಕೆರೆಯ ಗುಣವೇ ಬೇರೆ. ಸುತ್ತಲಿನ ಎತ್ತರದ ಕಟ್ಟಡಗಳಿಗೂ ದಡದ ಮರಗಳಿಗೂ ನಡುವಣ ದ್ವೀಪಗಳಿಗೂ ತಾಗಿ ಬರುವ ಗಾಳಿ ಗಳಿಗೆಗೊಮ್ಮೆ ದಿಕ್ಕನ್ನು ಹೊರಳಿಸುತ್ತದೆ. ಆರಂಭಕ್ಕೆ ಒಂದು ನಿಮಿಷವಿರುವಾಗ ಬಲತುದಿಗೆ ಅನುಕೂಲವಾಗಿದ್ದುದು ಅರ್ಧ ನಿಮಿಷದಲ್ಲಿ ಎಡತುದಿಗೆ ಒಲಿಯಬಹುದು. ಸ್ಟಾರ್‌ಬೋರ್ಡಿನಲ್ಲಿ ಸಾಲುಗಟ್ಟಿದ ದೋಣಿಗಳು ಆ ಟ್ಯಾಕಿನಲ್ಲಿ ಎಡತುದಿಯ ಬೋಯಾವನ್ನೂ ದಾಟಲಾರದಷ್ಟು ಗಾಳಿ ತಿರುಗಿದರೆ, ಅದುವರೆಗೆ ಹೆದರಿ ಹಿಂದೆ ಸುಳಿಯುತ್ತಿದ್ದ ಪೋರ್ಟಿನ ದೋಣಿ ಇಡೀ ಗುಂಪಿನ ಮುಂದೆ ಹಾದುಹೋಗಿಬಿಡುತ್ತದೆ. ಆದಕಾರಣ ಎಚ್ಚರವುಳ್ಳ ಸಮಿತಿಯು ಐದು ನಿಮಿಷಗಳ ಎಣಿಕೆ ನಡೆಯುತ್ತಿರುವಾಗಲೂ ಗಾಳಿಯನ್ನು ಅಳೆಯುತ್ತಲೇ ಇರುತ್ತದೆ. ರೇಖೆ ವಾಲಿತೆಂದು ಕಂಡರೆ, ಕೊನೆಯ ಗಳಿಗೆಯಲ್ಲಿಯೂ ಹಿಂಜರಿಯದೆ, ಕೆಂಪು ಬಿಳಿ ಪಟ್ಟೆಗಳ ‘ಎಪಿ’ ಬಾವುಟವನ್ನು ಎರಡು ಶಬ್ದಗಳೊಡನೆ ಏರಿಸಿ ಆರಂಭವನ್ನು ಮುಂದೂಡುತ್ತದೆ. ಬೋಯಾದ ಲಂಗರನ್ನು ಕಿತ್ತು ಸರಿಯಾದ ಎಡೆಯಲ್ಲಿ ಮತ್ತೆ ಬಿಡುತ್ತದೆ. ಆಮೇಲೆ ಆ ಬಾವುಟವನ್ನು ಒಂದು ಶಬ್ದದೊಡನೆ ಇಳಿಸಿ, ಒಂದು ನಿಮಿಷ ಕಳೆದ ಬಳಿಕ ಎಚ್ಚರಿಕೆಯ ಸೂಚನೆಯಿಂದ ಎಣಿಕೆಯನ್ನು ಹೊಸದಾಗಿ ಆರಂಭಿಸುತ್ತದೆ.